ನಾಯಿಯ ಜೊತೆ ಬೀದರ್ ಸುತ್ತುವುದು ಹೇಗೆ: ನಸುಕಿನ ಉದ್ಯಾನದಿಂದ ಚೌಬಾರಾದ ಅಂಗಡಿಗಳವರೆಗೆ

ನಮ್ಮ ಮೋತಿ ಜಾತಿನಾಯಿಯಲ್ಲ. ಗಲ್ಲಿಯ ಚರಂಡಿ ಪಕ್ಕದಲ್ಲಿ ಹುಟ್ಟಿ, ನಮ್ಮ ಮನೆಯ ಮೆಟ್ಟಿಲ ಕೆಳಗೆ ಬೆಳೆದವನು. ಈಗ ಅವನಿಗೆ ಐದು ವರ್ಷ, ಹದಿನೆಂಟು ಕಿಲೊ ತೂಕ. ತಿಂಗಳಿಗೊಂದು ಭಾನುವಾರ ಅವನನ್ನು ಉದ್ಯಾನಕ್ಕೂ ಅಲ್ಲಿಂದ ಪೇಟೆಗೂ ಕರೆದೊಯ್ಯುತ್ತೇನೆ. ಮೊದಲ ಕೆಲವು ಸಲ ಇಬ್ಬರೂ ಬೈಸಿಕೊಂಡು ಮನೆಗೆ ಬಂದೆವು. ತಪ್ಪು ಅವನದಲ್ಲ, ನನ್ನದು ಎಂದು ಒಪ್ಪಿಕೊಳ್ಳಲು ನನಗೆ ಒಂದಿಡೀ ಮಳೆಗಾಲ ಬೇಕಾಯಿತು. ಹೊರಡುವ ಹೊತ್ತು ತಪ್ಪಾಗಿತ್ತು, ಮೊದಲು ಪೇಟೆ ಆಮೇಲೆ ಉದ್ಯಾನ ಎಂಬ ಕ್ರಮ ತಪ್ಪಾಗಿತ್ತು, ಎಲ್ಲಕ್ಕಿಂತ ದೊಡ್ಡ ತಪ್ಪೆಂದರೆ ಕೇಳದೆ ಹೊಸ್ತಿಲು ದಾಟುತ್ತಿದ್ದೆ. ಈಗ ಮೋತಿ ಯಾವ ಅಂಗಡಿಯ ಹೊಸ್ತಿಲು ಕಂಡರೂ ಕುಳಿತುಬಿಡುತ್ತಾನೆ. ಒಳಗಿನವರು ಬಾ ಎಂದರೆ ಏಳುತ್ತಾನೆ, ಬೇಡ ಎಂದರೆ ಮುಂದೆ ನಡೆಯುತ್ತೇವೆ.

ಒಂದು ತಿಂಗಳು ಮುಂಚೆ: ಸೂಜಿ

ಲಸಿಕೆ ಮುಗಿಯದ ಮರಿಯನ್ನು ಉದ್ಯಾನಕ್ಕೆ ಒಯ್ಯಬೇಡಿ. ಪಾರ್ವೊ ರೋಗದ ವೈರಾಣು ಸೋಂಕಿದ ನಾಯಿಯ ಮಲದಿಂದ ಮಣ್ಣಿಗೆ ಇಳಿದು ತಿಂಗಳುಗಟ್ಟಲೆ ಅಲ್ಲಿಯೇ ಉಳಿಯುತ್ತದೆ. ಕಣ್ಣಿಗೆ ಹುಲ್ಲು ಎಷ್ಟೇ ಸ್ವಚ್ಛವಾಗಿ ಕಂಡರೂ ಮೂಸಿದ ಮರಿಗೆ ಅದು ತಗಲಬಹುದು. ಆ ಲಸಿಕೆಯ ಸರಣಿ ಆರರಿಂದ ಎಂಟು ವಾರಕ್ಕೆ ಶುರುವಾಗಿ ಸುಮಾರು ನಾಲ್ಕು ತಿಂಗಳವರೆಗೆ ನಡೆಯುತ್ತದೆ. ರೇಬಿಸ್ ಲಸಿಕೆ ಮೂರು ತಿಂಗಳು ತುಂಬಿದ ಮೇಲೆ, ಅನಂತರ ವೈದ್ಯರು ಬರೆದುಕೊಟ್ಟ ದಿನಾಂಕಕ್ಕೆ ತಪ್ಪದೆ. ಈ ವಿಷಯದಲ್ಲಿ ಬೀದರಿನವರಿಗೆ ನೆಪ ಹೇಳಲು ದಾರಿಯೇ ಇಲ್ಲ. ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ನಮ್ಮ ನಂದಿನಗರದಲ್ಲಿದೆ. ಲಸಿಕೆಯ ಕಾರ್ಡಿನ ಒಂದು ಚಿತ್ರವನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳಿ. "ಇದಕ್ಕೆ ಇಂಜೆಕ್ಷನ್ ಆಗಿದೆಯೇ?" ಎಂದು ಉದ್ಯಾನದಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಬಾಯಿಮಾತಿಗಿಂತ ಮೊಹರು ಹೊಡೆದ ಕಾರ್ಡಿಗೆ ಬೆಲೆ ಹೆಚ್ಚು.

ಎರಡು ವಾರ ಮುಂಚೆ: ಹೊಸ್ತಿಲಿನ ಪಾಠ

ನಾಯಿಗೆ ಬಹಳ ಮಾತು ಬೇಕಿಲ್ಲ, ಮೂರು ಸಾಕು: ಕುಳಿತುಕೊಳ್ಳಲು ಒಂದು, ಬಾಯಿಗೆ ಹಾಕಿದ್ದನ್ನು ಉಗುಳಲು ಒಂದು, ನಮ್ಮ ಬಳಿಗೆ ಬರಲು ಒಂದು. ನಾನು ಮಾಡಿದ ಎಡವಟ್ಟು ಕೇಳಿ. ನಮ್ಮ ಕಡೆ ರೂಢಿಯಲ್ಲಿರುವಂತೆ ಕುಳಿತುಕೊಳ್ಳಲು "ಕೂಡು" ಎಂದೂ ಉಗುಳಲು "ಬಿಡು" ಎಂದೂ ಕಲಿಸಿದೆ. ಎರಡೂ "ಡು"ಕಾರಕ್ಕೆ ಮುಗಿಯುತ್ತವೆ. ಪೇಟೆಯ ಗದ್ದಲದಲ್ಲಿ ಕೋಳಿಮೂಳೆ ಕಚ್ಚಿಕೊಂಡವನಿಗೆ "ಬಿಡು, ಬಿಡು" ಎಂದು ಕೂಗಿದರೆ ಮೋತಿ ಮೂಳೆ ಸಮೇತ ವಿಧೇಯನಾಗಿ ಕುಳಿತುಕೊಂಡ. ಈಗ ಉಗುಳುವುದಕ್ಕೆ "ಥೂ" ಎನ್ನುತ್ತೇನೆ. ಕೇಳಿದವರು ನಗುತ್ತಾರೆ, ನಗಲಿ. ನೀವು ಯಾವ ಮಾತನ್ನಾದರೂ ಆರಿಸಿಕೊಳ್ಳಿ, ಆದರೆ ಮೂರೂ ಕಿವಿಗೆ ಬೇರೆ ಬೇರೆಯಾಗಿ ಕೇಳಬೇಕು. ಮನೆಯ ಎಲ್ಲರೂ ಅದೇ ಮಾತು ಬಳಸಬೇಕು. ಅಜ್ಜಿಯದೊಂದು, ಮೊಮ್ಮಗನದೊಂದು ಆದರೆ ನಾಯಿ ಯಾರ ಮಾತನ್ನೂ ಕೇಳುವುದಿಲ್ಲ.

ಹೊಸ್ತಿಲಿನ ಪಾಠ ಮನೆಯ ಬಾಗಿಲಿನಿಂದಲೇ ಶುರು. ಹಗ್ಗ ಹಿಡಿದು ಬಾಗಿಲಿಗೆ ಬನ್ನಿ. ನಾಯಿ ಎಳೆಯುತ್ತದೆ. ನೀವು ಎಳೆಯಬೇಡಿ, ಬೈಯಬೇಡಿ, ಕಂಬದಂತೆ ನಿಂತುಬಿಡಿ. ಸ್ವಲ್ಪ ಹೊತ್ತಿಗೆ ಅದು ಬೇಸತ್ತು ಹಿಂದೆ ತಿರುಗಿ ನಿಮ್ಮ ಮುಖ ನೋಡುತ್ತದೆ. ಆ ಗಳಿಗೆಯಲ್ಲಿ "ಕೂಡು" ಎನ್ನಿ. ಕುಳಿತ ತಕ್ಷಣ ಒಂದು ತುಣುಕು ಬೇಯಿಸಿದ ಮೊಟ್ಟೆ ಕೊಟ್ಟು, ನೀವು ಮೊದಲು ದಾಟಿ, ಆಮೇಲೆ ಅದನ್ನು ಕರೆಯಿರಿ. ದಿನಕ್ಕೆ ಹತ್ತು ಸಲ, ಒಂದು ವಾರ. ಎರಡನೆಯ ವಾರ ಪಕ್ಕದ ಮನೆಯ ಬಾಗಿಲು, ಎದುರು ಮನೆಯ ಗೇಟು, ಗಲ್ಲಿಯ ಕಿರಾಣಿ ಅಂಗಡಿಯ ಮೆಟ್ಟಿಲು. ಹೊಸ ಜಾಗಕ್ಕೆ ಹೋದಾಗ ಕಲಿತದ್ದನ್ನೆಲ್ಲ ಮರೆತಂತೆ ಆಡುತ್ತದೆ, ಗಾಬರಿ ಬೇಡ. ನಾಯಿಯ ಲೆಕ್ಕದಲ್ಲಿ ನಮ್ಮ ಮನೆಯ ಹೊಸ್ತಿಲೇ ಬೇರೆ, ಕಿರಾಣಿ ಅಂಗಡಿಯದೇ ಬೇರೆ. ಎಂಟು ಹತ್ತು ಬಾಗಿಲುಗಳಾದ ಮೇಲೆ "ಓಹೋ, ಎಲ್ಲ ಬಾಗಿಲಿಗೂ ಇದೇ ನಿಯಮ" ಎಂದು ಅದಕ್ಕೇ ಹೊಳೆಯುತ್ತದೆ.

ಬೀದರಿಗೆ ಮಾತ್ರ ಬೇಕಾಗುವ ಇನ್ನೊಂದು ಪಾಠವಿದೆ, ಅದು ವಿಮಾನದ ಸದ್ದಿನದು. ನಮ್ಮೂರು ವಾಯುಪಡೆಯ ತರಬೇತಿ ಕೇಂದ್ರ. ಹಾಕ್ ಜೆಟ್‌ಗಳು ತಲೆಯ ಮೇಲೆ ಹಾದುಹೋಗುವುದು ನಮಗೆ ಗಡಿಯಾರದ ಟಿಕ್ ಟಿಕ್ ಇದ್ದಂತೆ, ಗಮನಕ್ಕೇ ಬರುವುದಿಲ್ಲ. ಹಳ್ಳಿಯಿಂದ ತಂದ ನಾಯಿಗೆ ಹಾಗಲ್ಲ. ಅದು ಹಗ್ಗ ಕಿತ್ತುಕೊಂಡು ಓಡಿಬಿಡಬಹುದು. ಹೊಸ ನಾಯಿಯನ್ನು ಮೊದಲು ಮಾಳಿಗೆಯ ಮೇಲೆ ಕರೆದೊಯ್ದು, ವಿಮಾನ ಬಂದಾಗಲೆಲ್ಲ ತಿಂಡಿ ಕೊಟ್ಟು, ಸದ್ದು ಎಂದರೆ ತಿಂಡಿ ಎಂಬ ನಂಟು ಬೆಳೆಸಿ. ಮದುವೆಯ ಬ್ಯಾಂಡಿಗೂ ಇದೇ ಉಪಾಯ. ಪಟಾಕಿಗೆ ಇದು ನಡೆಯುವುದಿಲ್ಲ. ದೀಪಾವಳಿಯ ವಾರ ನಾಯಿಯನ್ನು ತಿರುಗಾಟಕ್ಕೆ ಒಯ್ಯದಿರುವುದೇ ಜಾಣತನ.

ಹೊತ್ತು ಮತ್ತು ನೆಲ

ಬೀದರ್ ಎತ್ತರದ ಊರು, ಸಮುದ್ರಮಟ್ಟದಿಂದ ಸುಮಾರು 2,200 ಅಡಿ ಮೇಲಿದೆ. ಕಲಬುರಗಿಗಿಂತ ನಮ್ಮ ಬಿಸಿಲು ಸೌಮ್ಯವೆಂದು ನಾವು ಹೆಮ್ಮೆಪಡುತ್ತೇವೆ. ನಾಯಿಗೆ ಈ ಹೆಮ್ಮೆಯಿಂದ ಏನೂ ಸಿಗುವುದಿಲ್ಲ. ಅದಕ್ಕೆ ಬೆವರುವ ಗ್ರಂಥಿಗಳಿರುವುದು ಮುಖ್ಯವಾಗಿ ಅಂಗಾಲಿನಲ್ಲಿ. ಮೈಯ ಕಾವನ್ನು ಅದು ನಾಲಗೆ ಚಾಚಿ ತೇಕುವುದರಿಂದಲೇ ಇಳಿಸಿಕೊಳ್ಳಬೇಕು. ಜೊತೆಗೆ ಅಂಗಾಲು ನೇರವಾಗಿ ನೆಲದ ಮೇಲಿರುತ್ತದೆ, ಚಪ್ಪಲಿ ಇಲ್ಲ. ಅಂಗಡಿಗಳ ಮುಂದಿನ ಶಹಾಬಾದ್ ಪರ್ಶಿ ಕಲ್ಲು ಮುಂಜಾನೆ ಎಷ್ಟು ತಂಪೋ, ಬಿಸಿಲೇರಿದ ಮೇಲೆ ಅಷ್ಟೇ ಕಾವಲಿ.

ಪರೀಕ್ಷೆ ಸುಲಭ. ಮುಂಗೈಯ ಹಿಂಭಾಗವನ್ನು ಕಲ್ಲಿನ ಮೇಲೆ ಊರಿ ಒಂದರಿಂದ ಏಳರವರೆಗೆ ನಿಧಾನವಾಗಿ ಎಣಿಸಿ. ಐದಕ್ಕೇ ಕೈ ಎತ್ತಬೇಕೆನಿಸಿದರೆ ನಾಯಿಯನ್ನು ಅಲ್ಲಿ ನಡೆಸಬೇಡಿ. ಕಳೆದ ಮಾರ್ಚಿನಲ್ಲಿ ಒಂದು ದಿನ ಹತ್ತೂವರೆಗೆ ನಾನು ಮೂರಕ್ಕೇ ಕೈ ಎತ್ತಿದೆ. ಪಕ್ಕದಲ್ಲೇ ಚಹಾ ಕುಡಿಯುತ್ತಿದ್ದ ಹಿರಿಯರೊಬ್ಬರು "ಏನು ಕಳೆದುಕೊಂಡಿರಿ?" ಎಂದು ಬಗ್ಗಿ ಹುಡುಕತೊಡಗಿದರು.

ಆದ್ದರಿಂದ ನನ್ನ ದಿನ ಎರಡು ತುಂಡು. ನಸುಕಿನಲ್ಲಿ ಉದ್ಯಾನ, ಅಲ್ಲಿಂದ ನೇರ ಪೇಟೆ, ಬಿಸಿಲೇರುವ ಮೊದಲು ಮನೆ. ಉಳಿದ ಕೆಲಸವಿದ್ದರೆ ಸಂಜೆ. ಚಳಿಗಾಲದಲ್ಲಿ ಹನ್ನೊಂದರವರೆಗೂ ಎಳೆಯಬಹುದು, ಮಾರ್ಚ್ ಬಂತೆಂದರೆ ಒಂಬತ್ತಕ್ಕೇ ಬಾಗಿಲು. ಏಪ್ರಿಲ್, ಮೇ ತಿಂಗಳಲ್ಲಿ ಪೇಟೆಯ ಆಸೆ ಬಿಡಿ, ಉದ್ಯಾನ ಸಾಕು. ಮೂತಿ ಚಪ್ಪಟೆ ಇರುವ ಪಗ್‌ನಂಥ ನಾಯಿಗಳಿಗೆ ತೇಕುವುದೇ ಕಷ್ಟ, ಅವುಗಳ ವೇಳೆಯನ್ನು ಇನ್ನೂ ಮೊಟಕು ಮಾಡಿ.

ಚೀಲದಲ್ಲಿ

ಐದಾರು ಅಡಿಯ ಗಟ್ಟಿ ಹಗ್ಗ. ಎಳೆದಷ್ಟೂ ಬಿಚ್ಚಿಕೊಳ್ಳುವ ಸುರುಳಿ ಹಗ್ಗ ಪೇಟೆಗೆ ಬೇಡವೇ ಬೇಡ, ಅದು ಸೈಕಲ್ಲಿಗೂ ಮಕ್ಕಳ ಕಾಲಿಗೂ ಸುತ್ತಿಕೊಳ್ಳುತ್ತದೆ. ಎಳೆಯುವ ನಾಯಿಗೆ ಕೊರಳಪಟ್ಟಿಗಿಂತ ಎದೆಗೆ ಕಟ್ಟುವ ಪಟ್ಟಿ ಒಳ್ಳೆಯದು. ಬಾಯಿಕುಕ್ಕೆ ಕಟ್ಟುವುದಾದರೆ ಬುಟ್ಟಿಯಂಥದ್ದನ್ನೇ ಕೊಳ್ಳಿ, ರಾಶಿಯ ಹೊತ್ತಿನಲ್ಲಿ ಎತ್ತಿಗೆ ಕಟ್ಟುತ್ತೇವಲ್ಲ, ಹಾಗೆ. ಅದರೊಳಗೆ ನಾಯಿ ಬಾಯಿ ತೆರೆದು ತೇಕಬಹುದು, ನೀರು ಕುಡಿಯಬಹುದು. ಮೂತಿಯನ್ನು ಬಿಗಿಯುವ ಬಟ್ಟೆಪಟ್ಟಿ ನಮ್ಮ ಬಿಸಿಲಿನಲ್ಲಿ ಅಪಾಯ.

ನೀರು: ಕಿಲೊ ತೂಕಕ್ಕೆ ದಿನಕ್ಕೆ ಐವತ್ತರಿಂದ ಅರವತ್ತು ಮಿಲಿಲೀಟರ್ ಎಂದು ಲೆಕ್ಕ ಹಾಕಿ. ಮೋತಿಗೆ ಅದು ದಿನಕ್ಕೆ ಒಂದು ಲೀಟರಿನ ಆಸುಪಾಸು ಆಗುತ್ತದೆ. ತಿರುಗಾಟದ ದಿನ ಇನ್ನೂ ಹೆಚ್ಚು. ಹಳೆಯ ಸ್ಟೀಲ್ ಬಟ್ಟಲು ಜೊತೆಗಿರಲಿ. ಹಳೆಯ ದಿನಪತ್ರಿಕೆ ಮತ್ತು ಎರಡು ಮೂರು ಚೀಲಗಳು ಹೊಲಸು ಎತ್ತುವುದಕ್ಕೆ. ಇದನ್ನು ಮರೆತವರು ಉದ್ಯಾನಕ್ಕೆ ಬರುವುದೇ ಬೇಡ ಎಂಬುದು ನನ್ನ ಖಡಾಖಂಡಿತ ಅಭಿಪ್ರಾಯ. ಒಂದು ಹಳೆಯ ಚಾದರ ಆಟೊದ ಸೀಟಿಗೆ. ಹೊರಡುವ ಎರಡು ಮೂರು ಗಂಟೆ ಮೊದಲೇ ಸ್ವಲ್ಪ ತಿನ್ನಿಸಿಡಿ, ಹೊಟ್ಟೆ ತುಂಬಿದ ನಾಯಿ ಆಟೊದಲ್ಲಿ ವಾಂತಿ ಮಾಡುತ್ತದೆ. ನಸುಕಿಗೇ ಹೊರಡುವುದಾದರೆ ಹಿಂದಿನ ರಾತ್ರಿಯ ಊಟವೇ ಸಾಕು. ದಾರಿಗೆ ಬೇಯಿಸಿದ ಮೊಟ್ಟೆಯ ಚೂರು, ಉಪ್ಪುಖಾರವಿಲ್ಲದ ರೊಟ್ಟಿಯ ತುಂಡು. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಉಳ್ಳಾಗಡ್ಡಿ, ಬೆಳ್ಳುಳ್ಳಿ ನಾಯಿಗೆ ವಿಷ. ಉದ್ಯಾನದಲ್ಲಿ ಮಕ್ಕಳು ಪ್ರೀತಿಯಿಂದ ಚಾಕೊಲೇಟ್ ಚಾಚುತ್ತಾರೆ. ನಗುತ್ತಲೇ ತಡೆದು, ನಿಮ್ಮ ಚೀಲದಿಂದ ರೊಟ್ಟಿ ಚೂರು ತೆಗೆದು ಅವರ ಕೈಗೆ ಕೊಡಿ, ಅವರೇ ತಿನ್ನಿಸಲಿ.

ಆಟೊದವರಿಗೆ ಹತ್ತುವ ಮೊದಲೇ "ಅಣ್ಣ, ನಾಯಿ ಇದೆ, ಚಾದರ ಹಾಸುತ್ತೇನೆ" ಎಂದು ಹೇಳಿಬಿಡಿ. ಹತ್ತಿದ ಮೇಲೆ ಹೇಳಿದರೆ ಜಗಳ, ಮೊದಲೇ ಹೇಳಿದರೆ ಹೆಚ್ಚೆಂದರೆ ಹತ್ತು ರೂಪಾಯಿ ಹೆಚ್ಚು.

ಉದ್ಯಾನದಲ್ಲಿ

ಊರಿನ ಪಶ್ಚಿಮಕ್ಕೆ, ಉದಗೀರ್ ರಸ್ತೆಯ ಬರೀದ್ ಶಾಹಿ ಉದ್ಯಾನ ಬೆಳಗಿನ ವಾಯುವಿಹಾರಿಗಳ ತವರು. ಹುಲ್ಲಿನ ನಡುವೆ 16ನೇ ಶತಮಾನದ ಅಲಿ ಬರೀದ್ ಶಾಹನ ಸಮಾಧಿ, ನಾಲ್ಕೂ ಕಡೆ ಬಾಗಿಲಿಲ್ಲದ ಎತ್ತರದ ಕಮಾನು, ಒಳಗೆ ಸದಾ ಗಾಳಿ. ಬಾಗಿಲಿಲ್ಲ ಎಂದರೆ ಹೊಸ್ತಿಲೂ ಇಲ್ಲ ಎಂದು ನಾಯಿಯನ್ನು ಕಟ್ಟೆ ಹತ್ತಿಸಬೇಡಿ. ಗೇಟಿನಲ್ಲಿ ಫಲಕ ಓದಿ, ಕಾವಲುಗಾರರನ್ನು ಕೇಳಿ. ನಾನು ಕೇಳುವ ರೀತಿ ಹೀಗೆ: ನಾಯಿಯನ್ನು ಕೂರಿಸಿ, ಹೊಲಸು ಎತ್ತುವ ಪತ್ರಿಕೆಯನ್ನು ಕೈಯಲ್ಲಿ ಕಾಣುವಂತೆ ಹಿಡಿದು, "ಕಾಕಾ, ಇವನನ್ನು ಹಗ್ಗ ಬಿಡದೆ ಅಂಚಿನಲ್ಲೇ ಒಂದು ಸುತ್ತು ಹಾಕಿಸಲೇ?" ಎನ್ನುತ್ತೇನೆ. ಒಪ್ಪಿದರೆ ಸರಿ. ಇಲ್ಲವೆಂದರೆ ವಾದ ಬೇಡ, ಊರ ಆಚೆಯ ಅಷ್ಟೂರಿನ ದಾರಿಯಲ್ಲಿ ಹೊಲಗಳ ನಡುವೆ ಬೇಕಾದಷ್ಟು ಬಯಲಿದೆ.

ಬೀದರ್ ಕೋಟೆ, ಮಹಮೂದ್ ಗವಾನನ ಮದರಸಾ ಇಂಥ ಸಂರಕ್ಷಿತ ಸ್ಮಾರಕಗಳ ಒಳಗೆ ನಾಯಿಗೆ ಪ್ರವೇಶವಿಲ್ಲ. ಸ್ಮಾರಕದ ನಿರ್ವಹಣೆಗೆ ಹೊರತು ಯಾವ ಪ್ರಾಣಿಯನ್ನೂ ಒಳಗೆ ತರಬಾರದೆಂದು 1959ರ ಪ್ರಾಚೀನ ಸ್ಮಾರಕಗಳ ನಿಯಮಗಳೇ ಹೇಳುತ್ತವೆ. ಹೊನ್ನಿಕೇರಿ ಕಾಡಿನ ಕಡೆಗೂ ಬೇಡ. ನಮ್ಮ ಜಿಲ್ಲೆಯ ಬಯಲಿನಲ್ಲಿ ಕೃಷ್ಣಮೃಗಗಳಿವೆ. ಜಿಂಕೆ ಕಂಡ ನಾಯಿಗೆ ನೀವು ಕಲಿಸಿದ ಮೂರೂ ಮಾತು ಮರೆತುಹೋಗುತ್ತವೆ.

ಉದ್ಯಾನದಲ್ಲಿ ಮೊದಲ ಹದಿನೈದು ನಿಮಿಷ ನಾಯಿಯದು. ಅದು ಮೂಸಲಿ. ನಮಗೆ ಪತ್ರಿಕೆ ಓದಿದಂತೆ ಅದಕ್ಕೆ ಮೂಸುವುದು, ಎಳೆದರೆ ಓದುವ ಪುಟ ಕಿತ್ತುಕೊಂಡಂತೆ. ಹೊಟ್ಟೆಯ ಕೆಲಸ ಇಲ್ಲೇ ಮುಗಿಯಬೇಕು, ಪೇಟೆಗಿಂತ ಮೊದಲು ಉದ್ಯಾನ ಎನ್ನುವುದಕ್ಕೆ ಮುಖ್ಯ ಕಾರಣವೇ ಇದು. ನಡಿಗೆಯ ದಾರಿಯ ಮೇಲೆ ಹಗ್ಗ ಚಿಕ್ಕದಾಗಿರಲಿ. ಎದುರಿಗೆ ಬರುವ ಅಜ್ಜಿ ಸೆರಗು ಎತ್ತಿ ಪಕ್ಕಕ್ಕೆ ಸರಿಯುವ ಮೊದಲೇ ನೀವು ಹುಲ್ಲಿಗೆ ಇಳಿದು ನಾಯಿಯನ್ನು ಕೂರಿಸಿ. ಭಯ ಅವರದು, ಹೆಜ್ಜೆ ನಮ್ಮದು.

ಗಲ್ಲಿಯ ನಾಯಿಗಳ ಗಡಿ

ಪೇಟೆಯ ದಾರಿಯಲ್ಲಿ ನಿಜವಾದ ತೊಂದರೆ ಇದೇ. ಪ್ರತಿ ಗಲ್ಲಿಗೂ ಅದರದೇ ನಾಯಿಗಳ ಗುಂಪು, ಅದಕ್ಕೊಂದು ಗಡಿ. ಬೊಗಳುತ್ತಾ ಬಂದವು ಯಾವುದೋ ಒಂದು ವಿದ್ಯುತ್ ಕಂಬದ ಬಳಿ ಗಕ್ಕನೆ ನಿಂತುಬಿಡುವುದನ್ನು ನೀವೂ ನೋಡಿರಬಹುದು. ಅಲ್ಲಿಗೆ ಅವುಗಳ ರಾಜ್ಯ ಮುಗಿಯಿತು. ಹಾಗಾಗಿ ಅಡ್ಡಗಲ್ಲಿಗಳ ಹತ್ತಿರದ ದಾರಿ ಬೇಡ, ಸ್ವಲ್ಪ ಸುತ್ತಾದರೂ ಅಗಲವಾದ ರಸ್ತೆ ಹಿಡಿಯಿರಿ. ಕಸದ ರಾಶಿಯ ಬಳಿ ಮತ್ತು ಮರಿ ಹಾಕಿದ ತಾಯಿನಾಯಿ ಇರುವಲ್ಲಿ ರಸ್ತೆಯ ಆಚೆ ಬದಿಗೆ ದಾಟಿ.

ಗುಂಪು ಬಂದರೆ ಓಡಬೇಡಿ, ಕಣ್ಣಿಗೆ ಕಣ್ಣಿಟ್ಟು ನೋಡಬೇಡಿ. ನಿಮ್ಮ ನಾಯಿಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಓರೆಯಾಗಿ ನಡೆಯುತ್ತಾ ಸಾಗಿ. ತೀರಾ ಹತ್ತಿರ ಬಂದರೆ ಚೀಲದ ರೊಟ್ಟಿ ಚೂರುಗಳನ್ನು ಒಂದು ಹಿಡಿ ದೂರಕ್ಕೆ ಎಸೆಯಿರಿ. ಕೊಡೆ ಇದ್ದರೆ ಫಟ್ಟನೆ ಬಿಚ್ಚಿ. ಕಲ್ಲು ಎತ್ತುವುದು ಮಾತ್ರ ಬೇಡ. ಒಂದು ಕಲ್ಲಿಗೆ ಹತ್ತು ನಾಯಿ ಏಳುತ್ತವೆ, ಜೊತೆಗೆ ಅವುಗಳಿಗೆ ಅನ್ನ ಹಾಕುವ ಮನೆಯವರೂ ಏಳುತ್ತಾರೆ.

ಪೇಟೆ

ಶಹಾಗಂಜಿನ ಕಡೆಯಿಂದ ಹಳೆಯ ಊರಿಗೆ ಬಂದರೆ ನಡುವೆ ಎದ್ದು ಕಾಣುವುದು ಚೌಬಾರಾ, 71 ಅಡಿಯ ದುಂಡು ಗೋಪುರ. ನಾಲ್ಕೂ ದಿಕ್ಕಿಗೆ ರಸ್ತೆ, ರಸ್ತೆಯುದ್ದಕ್ಕೂ ಅಂಗಡಿ. ನಾಯಿಯೊಂದಿಗೆ ಒಂದು ದಿನಕ್ಕೆ ಮೂರು ಅಂಗಡಿ ಸಾಕು. ನಾಲ್ಕನೆಯದಕ್ಕೆ ಅದರ ತಾಳ್ಮೆ ಮುಗಿದಿರುತ್ತದೆ.

ಎಲ್ಲಿಂದ ಶುರು ಮಾಡಬೇಕು? ಕಟ್ಟೆಯ ಆಚೆ ಅಂಗಡಿಯವರು, ಈಚೆ ಬೀದಿಯಲ್ಲಿ ಗಿರಾಕಿ ನಿಲ್ಲುವ ಕಡೆಯಿಂದ: ಕಿರಾಣಿ, ಪಾನ್ ಡಬ್ಬಿ. ಅಲ್ಲಿ ಒಳಗೆ ಹೋಗುವ ಪ್ರಶ್ನೆಯೇ ಇಲ್ಲ. ನಾಯಿಯನ್ನು ಕೂರಿಸಿ, ಹಗ್ಗದ ಮಧ್ಯಭಾಗವನ್ನು ಪಾದದ ಕೆಳಗೆ ಅದುಮಿಟ್ಟುಕೊಂಡರೆ ಎರಡೂ ಕೈ ಖಾಲಿ, ಹಣ ಎಣಿಸಬಹುದು. ಗಾದಿ ಹಾಸಿದ ಬಟ್ಟೆ ಅಂಗಡಿ, ಮಿಠಾಯಿ ಅಂಗಡಿ, ಖಾನಾವಳಿ, ಇವುಗಳ ಬಾಗಿಲಲ್ಲಿ ಕೇಳುವುದೂ ಬೇಡ. ಕೇಳಿ ಅವರನ್ನು ಮುಜುಗರಕ್ಕೆ ಸಿಕ್ಕಿಸಿದಂತಾಗುತ್ತದೆ. ಬಿರಿಯಾನಿ ಹೋಟೆಲಿನ ಮುಂದೆ ನೆಲ ನೋಡುತ್ತಾ ನಡೆಯಿರಿ. ಬೆಂದ ಮೂಳೆ ಸೀಳಿ ಸೂಜಿಯಾಗಿ ಗಂಟಲಿಗೂ ಕರುಳಿಗೂ ಚುಚ್ಚುತ್ತದೆ. ಮಸೀದಿ, ದರ್ಗಾ, ಗುಡಿ, ಗುರುದ್ವಾರದ ಬಾಗಿಲಿನಿಂದ ದೂರವಿರಿ. ನಮಾಜಿಗೆ ವುಜೂ ಮಾಡಿ ಹೊರಟವರಿಗೆ ನಾಯಿಯ ಜೊಲ್ಲು ತಾಗಿದರೆ ಮತ್ತೆ ತೊಳೆದುಕೊಳ್ಳಬೇಕಾಗುತ್ತದೆ. ಹಳೆಯ ಊರಿನಲ್ಲಿ ಅಜಾನ್ ಕೇಳಿಸಿದರೆ ನಾನು ಮೋತಿಯನ್ನು ರಸ್ತೆಯ ಅಂಚಿಗೆ ಕರೆದುಕೊಂಡು ಕೂರುತ್ತೇನೆ.

ತರಕಾರಿ ಸಂತೆಗೆ ಹೋಗಲೇಬೇಡಿ. ಅನುಭವದ ಮಾತು. ಒಮ್ಮೆ ಹೋಗಿದ್ದೆ, ಅದೂ ಉದ್ಯಾನಕ್ಕೆ ಹೋಗದೆ ನೇರವಾಗಿ. ಗೋಣಿತಟ್ಟಿನ ಮೇಲೆ ಮೆಂತೆಸೊಪ್ಪಿನ ಸಿವುಡುಗಳನ್ನು ಅಜ್ಜಿಯೊಬ್ಬರು ಗೋಪುರದಂತೆ ಜೋಡಿಸಿಟ್ಟು, ಮೇಲೆ ನೀರು ಚಿಮುಕಿಸುತ್ತಿದ್ದರು. ಮೋತಿ ಹತ್ತಿರ ಹೋದ, ಮೂಸಿದ, ಹಿಂಗಾಲು ಎತ್ತಿ ತಾನೂ ಚಿಮುಕಿಸಿದ. ಅಜ್ಜಿ ಒಂದು ಕ್ಷಣ ಅವನನ್ನು ನೋಡಿ, ಆಮೇಲೆ ನನ್ನನ್ನು ನೋಡಿ, "ತಮ್ಮಾ, ಎಷ್ಟು ಸಿವುಡು ಕಟ್ಟಲಿ?" ಎಂದರು. ಇದ್ದ ಹನ್ನೆರಡನ್ನೂ ಕೊಂಡು ತಿಪ್ಪೆಗೆ ಹಾಕಿದೆ.

ಬಿದ್ರಿ ಅಂಗಡಿಯ ವಿಷಯ ಬೇರೆ. ಹೊರಗಿನಿಂದ ನೆಂಟರು ಬಂದಾಗ ಎಲ್ಲರಿಗೂ ಅಲ್ಲಿಗೆ ಹೋಗುವ ಆಸೆ, ನಾಯಿಯೂ ಜೊತೆಗಿರುತ್ತದೆ. ಮಾರಾಟದ ಕೋಣೆಯಲ್ಲಿ ಕೆಳಗಿನ ಹಲಗೆಯ ಮೇಲಿಟ್ಟ ಹೂದಾನಿಗಳು ಸರಿಯಾಗಿ ಬಾಲದ ಎತ್ತರಕ್ಕಿರುತ್ತವೆ. ಕೆಲಸ ನಡೆಯುವ ಕೋಣೆಯ ಅಪಾಯ ಇನ್ನೂ ದೊಡ್ಡದು. ಸತು ಮತ್ತು ತಾಮ್ರ ಬೆರೆಸಿ ಎರಕಹೊಯ್ದ ಪಾತ್ರೆಯ ಮೇಲೆ ಕುಶಲಕರ್ಮಿಗಳು ಮೈಲುತುತ್ತದ ನೀರು ಒರೆಸುತ್ತಾರೆ. ಆಗ ಮೈ ಕಪ್ಪಾಗಿ, ಉಳಿಯ ಗೆರೆ ಬೆಳ್ಳಗೆ ಕಾಣುತ್ತದೆ. ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರದ ಬಿಸಿ ಮಿಶ್ರಣದಿಂದ ಕಾಯಂ ಕಪ್ಪು ಕೊಡುತ್ತಾರೆ. ನೆಲದ ಮೇಲೆ ಕುಳಿತು ಮಾಡುವ ಕೆಲಸ, ಹಾಗಾಗಿ ಬಟ್ಟಲುಗಳೂ ನೆಲದ ಮೇಲೆಯೇ. ಬಾಯಾರಿದ ನಾಯಿಗೆ ನೀಲಿ ನೀರೂ ನೀರೇ. ಮೈಲುತುತ್ತ ಹೊಟ್ಟೆಗೆ ಹೋದರೆ ವಿಷ. ಹೀಗಾಗಿ ಇಲ್ಲಿ ಅವರು ಒಳಗೆ ಬನ್ನಿ ಎಂದರೂ ನಾನು ಒಯ್ಯುವುದಿಲ್ಲ. ಇಬ್ಬರು ಹೋಗಿ, ಒಬ್ಬರು ಹೊಸ್ತಿಲ ಈಚೆ ನಾಯಿಯೊಂದಿಗೆ ನಿಲ್ಲಿ, ಆಮೇಲೆ ಅದಲುಬದಲು. ಒಬ್ಬರೇ ಇದ್ದರೆ ಬಿದ್ರಿ ಇನ್ನೊಂದು ದಿನ. ಕಂಬಕ್ಕೆ ಕಟ್ಟಿ ಒಳಗೆ ಹೋಗುವುದನ್ನು ನಾನು ಒಪ್ಪುವುದಿಲ್ಲ. ಕಟ್ಟಿದ ನಾಯಿಗೆ ಗಲ್ಲಿಯ ನಾಯಿಗಳಿಂದ ತಪ್ಪಿಸಿಕೊಳ್ಳಲು ದಾರಿಯಿಲ್ಲ, ತುಂಟ ಮಕ್ಕಳಿಂದಲೂ ಇಲ್ಲ.

ಉಳಿದ ಅಂಗಡಿಗಳಲ್ಲಿ ಕೇಳುವ ಕ್ರಮ ಹೀಗೆ. ಹೊಸ್ತಿಲಿನಿಂದ ಎರಡು ಹೆಜ್ಜೆ ಹಿಂದೆಯೇ ನಿಂತು ನಾಯಿಯನ್ನು ಕೂರಿಸಿ. ಒಳಗಿರುವ ಗಿರಾಕಿಗಳನ್ನು ಮೊದಲು ನೋಡಿ. ಮಕ್ಕಳೋ ವಯಸ್ಸಾದವರೋ ಇದ್ದರೆ ಅವರು ಹೊರಬರುವವರೆಗೆ ಕಾಯಿರಿ. ಮಾಲೀಕರ ಕಣ್ಣು ನಿಮ್ಮ ಮೇಲೆ ಬಿದ್ದಾಗ "ಅಣ್ಣ, ಇವನು ಜೊತೆಗಿದ್ದಾನೆ. ಒಳಗೆ ಬರಬಹುದೇ, ಇಲ್ಲೇ ನಿಲ್ಲಲೇ?" ಎಂದು ಕೇಳಿ. "ಇಲ್ಲೇ ನಿಲ್ಲಲೇ" ಎಂಬ ಎರಡನೆಯ ಭಾಗ ಮುಖ್ಯ. ಅದು ಅವರಿಗೆ ಇಲ್ಲ ಎನ್ನುವ ಕಷ್ಟವನ್ನು ತಪ್ಪಿಸುತ್ತದೆ. ಬಹಳ ಮಂದಿ "ಅಲ್ಲೇ ಇರಿ, ಸಾಮಾನು ನಾನೇ ತರುತ್ತೇನೆ" ಎನ್ನುತ್ತಾರೆ. ಮೋತಿಯ ದೆಸೆಯಿಂದ ನನಗೆ ಸಿಗುವ ಉಪಚಾರ ಒಬ್ಬನೇ ಹೋದಾಗ ಸಿಗುವುದಿಲ್ಲ.

ಎಡವಟ್ಟಾದರೆ

ವಿಪರೀತ ತೇಕು, ಅಂಟಂಟು ಜೊಲ್ಲು, ಒಸಡು ಕಡುಕೆಂಪು, ತೂರಾಡುವ ನಡಿಗೆ: ಇವು ಬಿಸಿಲು ಬಡಿದ ಗುರುತು. ನೆರಳಿಗೆ ಒಯ್ದು, ಹೊಟ್ಟೆ, ತೊಡೆಸಂದು, ಅಂಗಾಲಿಗೆ ತಣ್ಣೀರು ಸುರಿದು ಗಾಳಿ ಹಾಕಿ. ಮಂಜುಗಡ್ಡೆ ಬೇಡ, ಬಲವಂತವಾಗಿ ನೀರು ಕುಡಿಸುವುದೂ ಬೇಡ. ಹಾಗೆಯೇ ಆಟೊ ಹಿಡಿದು ಪಶುವೈದ್ಯರಲ್ಲಿಗೆ. ನಾಯಿಯ ಸಹಜ ಮೈಕಾವು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್, ಆದ್ದರಿಂದ ಮುಟ್ಟಿದರೆ ಬೆಚ್ಚಗಿದೆ ಎಂಬ ಒಂದೇ ಕಾರಣಕ್ಕೆ ಹೆದರಬೇಡಿ, ಮೇಲಿನ ಗುರುತುಗಳನ್ನು ನೋಡಿ.

ಯಾವುದೇ ನಾಯಿ ಯಾರಿಗೇ ಕಚ್ಚಿದರೂ, ಗೀರು ಬಿದ್ದರೂ, ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ. ಅರಿಸಿನ, ಖಾರದಪುಡಿ, ಸುಣ್ಣ ಏನನ್ನೂ ಮೆತ್ತಬೇಡಿ. ನಿಮ್ಮ ನಾಯಿಗೇ ಬೇರೆ ನಾಯಿ ಕಚ್ಚಿದ್ದರೆ, ಲಸಿಕೆ ಆಗಿದ್ದರೂ ವೈದ್ಯರಿಗೆ ತೋರಿಸಿ.

ಮನೆಗೆ ಬಂದ ಮೇಲೆ

ಮೊದಲು ನೀರು, ಅರ್ಧ ಗಂಟೆಯ ಬಳಿಕ ಊಟ. ಆಮೇಲೆ ಬೆಳಕಿರುವಲ್ಲಿ ಕೂರಿಸಿ ರಕ್ತ ಹೀರುವ ಉಣ್ಣೆಹುಳು ಹುಡುಕಿ: ಕಿವಿಯ ಮಡಿಕೆ, ಕೊರಳಪಟ್ಟಿಯ ಕೆಳಗೆ, ಬೆರಳುಗಳ ಸಂದು, ಬಾಲದ ಬುಡ. ಉಣ್ಣೆಜ್ವರ ನಮ್ಮ ಕಡೆಯ ನಾಯಿಗಳನ್ನು ಸದ್ದಿಲ್ಲದೆ ಕೊಲ್ಲುತ್ತದೆ. ಚಿಮಟದಿಂದ ಚರ್ಮಕ್ಕೆ ತೀರಾ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ, ಉಗುರಿನಿಂದ ಹಿಸುಕಬೇಡಿ. ಮುಂದಿನ ಕೆಲವು ವಾರಗಳಲ್ಲಿ ಊಟ ಬಿಟ್ಟು ಮಂಕಾದರೆ ರಕ್ತಪರೀಕ್ಷೆ ಮಾಡಿಸಿ. ಅಂಗಾಲನ್ನು ಒದ್ದೆ ಬಟ್ಟೆಯಿಂದ ಒರೆಸುವಾಗ ಗುಳ್ಳೆಯೋ ಸೀಳೋ ಇದೆಯೇ ಎಂದು ನೋಡಿ. ಇದ್ದರೆ ನೀವು ಕಲ್ಲಿನ ಮೇಲೆ ಏಳರವರೆಗೆ ಎಣಿಸಿರಲಿಲ್ಲ ಎಂದೇ ಅರ್ಥ.

ಕೊನೆಯ ಕೆಲಸ ನನ್ನದು. ಕಿರಾಣಿ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಹೊಸ್ತಿಲುಗಳ ಪಟ್ಟಿ ಇಟ್ಟಿದ್ದೇನೆ. ಒಳಗೆ ಬನ್ನಿ ಎಂದವರ ಮುಂದೆ ಒಂದು ಗೆರೆ, ಅಲ್ಲೇ ನಿಲ್ಲಿ ಎಂದವರ ಮುಂದೆ ಚುಕ್ಕೆ, ಬೇಡ ಎಂದವರ ಮುಂದೆ ಏನೂ ಇಲ್ಲ. ಒಟ್ಟು ಎಂಟು ಗೆರೆಗಳಿದ್ದವು, ಈಗ ಏಳು. ಔಷಧಿ ಅಂಗಡಿಯ ಗೆರೆಯನ್ನು ಕಳೆದ ಭಾನುವಾರವಷ್ಟೇ ಹೊಡೆದುಹಾಕಿದೆ. ಅಲ್ಲಿ ಗಲ್ಲಾಪೆಟ್ಟಿಗೆಯ ಕೆಳಗೆ ಬೆಕ್ಕು ಮರಿ ಹಾಕಿದೆ.